ಬಲಗಡೆ ಮೂಲಿಯ ಚುಕ್ಕಿ

ನವನಗರ, ಬಾಗಲಕೋಟೆ

ಕೂಸ, ಸಣ್ಣಜ್ಜನ ಆಶೀರ್ವಾದ.

ಮನಿ ಸುದ್ದಿ ಎಲ್ಲಾ ನಿಮ್ಮವ್ವ ಫೋನಿನ್ಯಾಗ ಹೇಳಿರತಾಳ, ಅದನ್ನ ಮತ್ತ ಬರದು ಹಾಳಿ ತುಂಬಸೂದಿಲ್ಲ. ನನ್ನ ಮೊಣಕಾಲಿನ ಸುದ್ದಿನೂ ಅದರಾಗ ಬಂತು.

ನಿನ್ನ ಪತ್ರ ಮೂರು ಸಲ ಓದಿದೆ. ನಾಕು ಹಾಳ್ಯಾಗ ಮೂರೂವರಿ ಹಾಳಿ ನೀ ನೋಡಿದ ಸಿನಿಮಾಗಳಿಗೆ ಬರೇ ಬೈಗಳ. ಆ ರೈತನ ಸಿನಿಮಾದ ಬಗ್ಗೆ, ಸಾಯೂ ಹೊತ್ತಿನ್ಯಾಗೂ ಅವನ ಅಂಗಿ ಇಸ್ತ್ರಿ ಮುರದಿರಲಿಲ್ಲ ಅಂತ ಬರದೀಯಲ್ಲ, ಒಬ್ಬನ ಕುಂತು ನಕ್ಕೆ. ಆದ್ರ ಕಡೀ ಹಾಳಿ ಅಂಚಿನ್ಯಾಗ, ಅಡ್ಡಡ್ಡ, ಸಣ್ಣ ಅಕ್ಷರದಾಗ ಒಂದು ಮಾತು ಬರದೀದಿ: "ಸಣ್ಣಜ್ಜ, ಥೇಟರಿನ್ಯಾಗ ಎಲ್ಲಾರೂ ಅಳಾಕತ್ತಿದ್ರು, ನಾ ಗಡಿಯಾರ ನೋಡಿದೆ. ನನ್ನೊಳಗ ಏನರೆ ಸತ್ತೈತೇನು?"

ಬೈಗಳೆಲ್ಲಾ ಸಾಲು ಹಿಡದು ನೀಟಾಗಿ ಬರದು, ಇದೊಂದನ್ನ ಅಂಚಿಗೆ ತಳ್ಳಿದ್ದು ನೋಡಿ ನನಗ ನಿದ್ದಿ ಬರಲಿಲ್ಲ. ಅದಕ್ಕ ಈ ಪತ್ರ. ಉಳಿದದ್ದಕ್ಕೆಲ್ಲಾ ನಿಧಾನಕ್ಕ ಉತ್ತರ ಬರದೇನು.

ನಾ ಟಾಕೀಜಿನ್ಯಾಗ ಆಪರೇಟರ್ ಇದ್ದೆ ಅನ್ನೂದು ನಿನಗ ಗೊತ್ತು. ನಮ್ಮ ಮನ್ಯಾಗ ಅದನ್ನ ಪುಕ್ಕಟ ಸಿನಿಮಾ ನೋಡೂ ನೌಕರಿ ಅಂತ ತಿಳಕೊಂಡಿದ್ರು. 1967ರಾಗ, ಹತ್ತೊಂಬತ್ತನೇ ವರ್ಷಕ್ಕ, ಹಳೇ ಬಾಗಲಕೋಟ್ಯಾಗ ಕ್ಯಾಬಿನ್ ಹೊಕ್ಕೆ. ಎರಡು ಮಿಷನ್ನು. ಕಾರ್ಬನ್ ಕಡ್ಡಿ ಎರಡು ಎದುರುಬದರು, ನಡುವ ಬೆಂಕಿ. ಉರದಂಗ ಉರದಂಗ ಕಡ್ಡಿ ಸವೀತಾವ, ಸರಿಸಿಕೋತ ಇರಬೇಕು, ಇಲ್ಲಾಂದ್ರ ಪರದಿ ಮ್ಯಾಲ ಹೀರೋಯಿನ್ ಮಾರಿ ಕಾಮಾಲಿ ಬಂದಂಗ ಆಗತೈತಿ. ಸೆಕೆಂಡಿಗೆ 24 ಚಿತ್ರ, ಸಾವಿರ ಅಡಿ ರೀಲು, ಹನ್ನೊಂದು ನಿಮಿಷಕ್ಕ ಖಲಾಸ್. ಮುಗಿಯೂ ಮುಂಚೆ ಪರದಿಯ ಬಲಗಡೆ ಮ್ಯಾಲಿನ ಮೂಲ್ಯಾಗ ಒಂದು ಚುಕ್ಕಿ ಮಿಂಚಿ ಹೋಗತೈತಿ. ಅದನ್ನ ನೋಡಿ ಇನ್ನೊಂದು ಮಿಷನ್ನಿನ ಮೋಟರ್ ಚಾಲೂ ಮಾಡಬೇಕು. ಏಳೆಂಟು ಸೆಕೆಂಡಿಗೆ ಎರಡನೇ ಚುಕ್ಕಿ. ಆಗ ಇದನ್ನ ಮುಚ್ಚಿ ಅದನ್ನ ತೆಗೀಬೇಕು. ಕೆಳಗ ಕುಂತವರಿಗೆ ಗೊತ್ತಾಗಬಾರದು.

ಹಿಂಗಾಗಿ ಹದಿನೆಂಟು ವರ್ಷ ನಾ ಸಿನಿಮಾ ನೋಡಲಿಲ್ಲ, ಮೂಲಿ ನೋಡಿದೆ. ಪರದಿ ಮ್ಯಾಲ ತಾಯಿ ಸತ್ತು ಮಗ ಬೋರಾಡಿ ಅಳತಿದ್ದ, ಹೆಣ್ಣಮಕ್ಕಳು ಮೂಗು ಸೀಟೂ ಸಪ್ಪಳ ಕ್ಯಾಬಿನ್ನಿನ ಕಿಂಡಿತನಕ ಬರತಿತ್ತು, ನಾ ಲಿವರ್ ಮ್ಯಾಲ ಕೈ ಇಟ್ಟು ಚುಕ್ಕಿ ಕಾಯತಿದ್ದೆ. ಲಗ್ನಾದ ಹೊಸದರಾಗ ನಿನ್ನ ಸಣ್ಣಜ್ಜಿ ಒಂದು ಆಟಕ್ಕ ಬಂದು, ಅತ್ತು ಅತ್ತು ಸೆರಗ ತೋಯಿಸಿಕೊಂಡು, ಹೊರಗ ಬಂದು ಕೇಳಿದಳು: "ನಿಮಗ ಅಳು ಬರಲಿಲ್ಲೇನು?" ನಾ ಅಂದೆ, "ಆರನೇ ರೀಲಿನ್ಯಾಗ ಒಂದು ಜೋಡ ಬಿಟ್ಟಿತ್ತು, ಹರದೀತು ಅಂತ ಜೀವ ಕೈಯಾಗ ಹಿಡಕೊಂಡಿದ್ದೆ." ಆಕಿ ಒಂದು ದಿನ ಮಾತಾಡಲಿಲ್ಲ. ಆವತ್ತ ರಾತ್ರಿ, ನೀ ಅಂಚಿನ್ಯಾಗ ಬರದದ್ದನ್ನ ನಾ ನನ್ನನ್ನ ಕೇಳಿಕೊಂಡಿದ್ದೆ. ಐವತ್ತು ವರ್ಷದ ಮ್ಯಾಲ ಅದ ಮಾತು ನಿನ್ನ ಕೈಬರಹದಾಗ ಬಂತು.

1972ರ ಬರದಾಗ ಏನಾತು ಅದನ್ನ ಹೇಳತೀನಿ. ನಮ್ಮ ವಿಜಾಪುರ ಜಿಲ್ಲಾ ಆಗ ಕೂಡೇ ಇತ್ತು. ಹೊಲ ಬಿಟ್ಟ ಜನ ಪರಿಹಾರ ಕಾಮಗಾರಿಗೆ ಹೋಗಿ ಜಲ್ಲಿ ಒಡೀತಿದ್ರು. ಆಗ ಸಿನಿಮಾಕ್ಕಿಂತ ಮೊದಲ ವಾರ್ತಾಚಿತ್ರ, ಸಾಕ್ಷ್ಯಚಿತ್ರ ತೋರಸೂದು ಕಡ್ಡಾಯ. ಅದು ಓಡೂ ಹೊತ್ತಿನ್ಯಾಗ ಜನ ಬೀಡಿ ಸೇದಾಕ ಹೋಗೂದೂ ಕಡ್ಡಾಯ. ಆ ವಾರ ಬಂದ ರೀಲು ಬರಗಾಲದ್ದ. ಯಾರು ತಗದಿದ್ರು ಅಂತ ಹೆಸರ ಹಿಡದು ಹೇಳೂದಿಲ್ಲ. ಎತ್ತಿನ ಎಲುಬು, ಬಿರದ ನೆಲ, ಹಿಂದ ಸರೋದು, ಮ್ಯಾಲ ಒಬ್ಬಾವ ಗ್ರಂಥಭಾಷಾದಾಗ ಆಶಾಕಿರಣದ ಮಾತು ಹೇಳತಿದ್ದ. ಒಂದು ಕಡೆ ಕಲ್ಲ ಒಡಿಯೂ ಹೆಂಗಸಿನ ಕೈ ತೋರಿಸಿದ್ರು, ಭಾಳ ಹೊತ್ತು, ಭಾಳ ಚೆಂದ. ಗಾಂಧಿ ಕ್ಲಾಸಿನಿಂದ ಒಬ್ಬಾವ ಎದ್ದು ಒದರಿದ: "ಆಕಿ ಕೂಲಿ ಎಷ್ಟಂತ ಕೇಳರೋ!"

ಥೇಟರ್ ತುಂಬ ನಗು. ಸಾಕ್ಷ್ಯಚಿತ್ರದ ಮ್ಯಾಲ ಅದಕ್ಕಿಂತ ಖಡಕ್ ಅಭಿಪ್ರಾಯ ನಾ ಇನ್ನೂತನಕ ಕೇಳಿಲ್ಲ. ಆದ್ರ ನಾ ನಗಲಿಲ್ಲ. ನಮ್ಮವ್ವ, ನಿನ್ನ ಮುತ್ತಜ್ಜಿ, ಆ ಹೊತ್ತಿಗೆ ಮೂರು ತಿಂಗಳಿಂದ ಜಲ್ಲಿ ಒಡೀತಿದ್ದಳು. ಹೆಬ್ಬೆರಳಿನ ಉಗುರು ಕರ್ರಗಾಗಿ ಕಳಚಿ ಬಿದ್ದಿತ್ತು. ಅಳು ಬಂತೇನು? ಇಲ್ಲ. ಕೈ ನಡಗಿ ಚುಕ್ಕಿ ತಪ್ಪಿತು. ಪರದಿ ಬೆಳ್ಳಗ ಉಳೀತು. ಸೀಟಿ, ಬೈಗಳ, ಮಾಲಕರು ಪಗಾರದಾಗ ಎರಡು ರೂಪಾಯಿ ಹಿಡದ್ರು. ಹದಿನೆಂಟು ವರ್ಷದಾಗ ಚುಕ್ಕಿ ತಪ್ಪಿದ್ದು ಅದೊಂದ ಸಲ.

ನೀ ಬೈದಿರೂ ಇಳಕಲ್ ನೇಕಾರರ ಚಿತ್ರವನ್ನ ನಿಮ್ಮ ಮಾವ ಫೋನಿನ್ಯಾಗ ತೋರಿಸಿದ. ನೀ ಬೈದದ್ದು ಕಡಿಮಿ ಆತು. ನಲವತ್ತು ನಿಮಿಷ ಆ ಮುದುಕನ ಸುಕ್ಕು ಮಾರಿ, ಕಣ್ಣು, ಬಿಸಲಾಗ ಹಾರೂ ಧೂಳು. ಇಳಕಲ್ ಸೀರಿಯ ಗುಟ್ಟು ಕೊಂಡಿಯೊಳಗೈತಿ. ಒಡಲಿನ ಹಾಸೇ ಬ್ಯಾರೆ, ಸೆರಗಿನ ಹಾಸೇ ಬ್ಯಾರೆ. ಎರಡನ್ನ ಎಳಿ ಎಳಿಗೆ ಕುಣಿಕಿ ಹಾಕಿ ಕೂಡಿಸಿ, ಆಮ್ಯಾಗ ತೋಪ ತೆನಿ ಸೆರಗ ನೇಯತಾರ. ಮನಿ ಹೆಣ್ಣಮಕ್ಕಳೂ ಕುಂತು ಆ ಕೆಲಸ ಮಾಡತಾರ. ಒಂದೇ ಒಂದು ಸಲ ಕ್ಯಾಮರಾ ಆ ಕಡೆ ತಿರಗಲಿಲ್ಲ. ಮತ್ತ ಕೂಲಿ ಎಷ್ಟಂತ ಯಾರೂ ಕೇಳಲಿಲ್ಲ. ಇದನ್ನ ನೋಡಿ ನೀ ಅಳಲಿಲ್ಲ ಅಂದ್ರ ಸತ್ತದ್ದು ಯಾವದು, ಹೇಳು.

ಹಿಂಗ ಅಂದ್ರ ನಿನಗ ಸಮಾಧಾನ ಆಗೂದಿಲ್ಲ, ಗೊತ್ತೈತಿ. ಕೆಟ್ಟ ಚಿತ್ರಕ್ಕ ಅಳಲಿಲ್ಲ ಅನ್ನೂದು ನಿನ್ನ ಅಂಜಿಕಿ ಅಲ್ಲ. ಛಲೋದು ಬಂದರೂ ಅಳೂದಿಲ್ಲೇನೋ ಅನ್ನೂದು ನಿನ್ನ ಅಂಜಿಕಿ. ಅದಕ್ಕ ನನ್ನ ಹತ್ರ ನೆಟ್ಟಗಿನ ಉತ್ತರ ಇಲ್ಲ.

ಕೆಟ್ಟವ ಅಷ್ಟ ಬರತಿದ್ವು ಅಂತ ತಿಳಕೋಬ್ಯಾಡ. 1948ರಾಗ ಹುಟ್ಟಿದ, ಸಾಕ್ಷ್ಯಚಿತ್ರ ತಗಿಯೂ ಸರಕಾರದ ಫಿಲ್ಮ್ಸ್ ಡಿವಿಷನ್ನಿನದ ಒಂದು ರೀಲು ನಮ್ಮಲ್ಲಿ ಬಂದಿತ್ತು, ಎಸ್. ಎನ್. ಎಸ್. ಶಾಸ್ತ್ರಿ ಅನ್ನಾವರು 1967ರಾಗ ತಗದದ್ದು, 'ಐ ಆಮ್ 20' ಅಂತ. ಸ್ವಾತಂತ್ರ್ಯ ಬಂದ ದಿನ ಹುಟ್ಟಿದ ಹುಡುಗ ಹುಡುಗ್ಯಾರನ್ನ ಹುಡಿಕಿ, ದೇಶದ ಬಗ್ಗೆ ಏನಂತೀರಿ ಅಂತ ಕೇಳಿದ್ರು. ಎಲ್ಲಾರೂ ಸಕ್ಕರಿ ಮಾತಾಡಿಲ್ಲ, ಅದನ್ನ ಕತ್ತರಿಸಿನೂ ಇಲ್ಲ. ನನ್ನ ಸರೀಕರು. ಜನ ಬೀಡಿಗೆ ಹೋದ್ರು, ನಾ ಕಿಂಡಿಗೆ ಕಣ್ಣ ಹಚ್ಚಿ ನಿಂತೆ. ಆವತ್ತೂ ಅಳು ಬರಲಿಲ್ಲ. ಆದ್ರ ಆಟ ಮುಗಿಸಿ ಮನಿಗೆ ಹೋಗೂ ಮುಂದ, ನನ್ನನ್ನ ಯಾರರೆ ಕೇಳಿದ್ರ ನಾ ಏನ ಹೇಳತಿದ್ದೆ ಅಂತ ದಾರಿ ತುಂಬ ಒಬ್ಬನ ಮಾತಾಡಿಕೋತ ಹೋದೆ.

ಈಗ ಒಂದು ಮಾತು, ನಿಮ್ಮವ್ವಗೂ ಗೊತ್ತಿಲ್ಲದ್ದು. ನನಗೊಬ್ಬ ಗೆಳ್ಯಾ ಇದ್ದ. ಸಿನಿಮಾ ತಗೀತೀನಿ ಅಂತ ಎದ್ದ. ನಮ್ಮ ಮಾತು ಆಡಾವ ಸಿನಿಮಾದಾಗ ಒಂದೋ ನಗಸಾವ, ಇಲ್ಲಾ ಹೊಡೆದಾಡಾವ ಅಷ್ಟ ಯಾಕ, ಹೀರೋ ಯಾಕ ಆಗಬಾರದು ಅಂತ ಅವನ ಹಟ. ಖರೇ ಮಾತು, ಇವತ್ತಿಗೂ ಖರೇ. ಎರಡು ಎಕರೆ ಮಾರಿ ಮದ್ರಾಸಿನ್ಯಾಗ ಅರ್ಧ ಸಿನಿಮಾ ಮುಗಿಸಿ, ಐದು ರೀಲು ಟ್ರಂಕಿನ್ಯಾಗ ಹಾಕ್ಕೊಂಡು ಬಂದ. ರಾತ್ರಿ ಎರಡನೇ ಆಟ ಮುಗಿದಮ್ಯಾಲ ಗುಪ್ಪಚುಪ್ಪ ಓಡಿಸಿದೆ. ಅವ ಒಬ್ಬನ ಕೆಳಗ, ನಾ ಮ್ಯಾಲ. ಎರಡನೇ ರೀಲಿನ್ಯಾಗ ನನಗ ತಿಳೀತು, ಇದು ಮುಳಗತೈತಿ. ಹೀರೋ ನಮ್ಮ ಮಾತು ಆಡತಿದ್ದ ಖರೇ, ಆದ್ರ ಪಾಠ ಒಪ್ಪಿಸಿದಂಗ. ಹಾಡ ಹೊಳೆಯಾಗ, ಜಗಳ ಹೊಲದಾಗ, ಒಂದಕ್ಕೊಂದು ಸಂಬಂಧ ಇಲ್ಲ.

ಆಟ ಮುಗಿದು ಅವ ಮ್ಯಾಲ ಬಂದ. ಕ್ಯಾಬಿನ್ನಿನ್ಯಾಗ ಕೆಂಡದಂಥ ಶೆಕಿ. "ಸಾವಿರ ಸಿನಿಮಾ ಓಡಿಸೀದಿ, ಖರೇ ಹೇಳು" ಅಂದ. ನಾ "ಛಲೋ ಐತಿ" ಅಂದೆ. ಎರಡ ಶಬ್ದ.

ಉಳಿದ ನಾಕು ಎಕರೇನೂ ಮಾರಿದ. ಸಿನಿಮಾ ಮೂರ ದಿನ ಓಡಿತು, ಓಡಿಸಿದಾವನೂ ನಾನ. ಅವ ನನ್ನ ಮ್ಯಾಲ ಒಂದು ದಿನ ಸಿಟ್ಟಾಗಲಿಲ್ಲ. ಭಾಳ ವರ್ಷದ ಮ್ಯಾಲ ಬಸ್ ಸ್ಟ್ಯಾಂಡಿನ್ಯಾಗ ಸಿಕ್ಕಾಗ, ಚಾ ಕುಡಕೋತ, ಬ್ಯಾರೆ ಏನೋ ಮಾತಿನ ನಡುವ, "ನಿನಗ ಆವತ್ತ ಗೊತ್ತಿತ್ತು, ಅಲ್ಲಾ?" ಅಂದ. ನಾ ಚಾಕ್ಕ ಊದಿಕೋತ ಕುಂತೆ.

ಸತ್ತದ್ದು ಅಂದ್ರ ನನ್ನೊಳಗ ಆ ರಾತ್ರಿ ಸತ್ತದ್ದು. ನೀ ಗಡಿಯಾರ ನೋಡಿ, ಮನಿಗೆ ಬಂದು, ಮೂರೂವರಿ ಹಾಳಿ ಬರದು, ನೋಡಿದೆ ಅಂತನೂ ಒಪ್ಪಿಕೊಂಡಿ. ನನಗ ಅಷ್ಟು ಆಗಲಿಲ್ಲ.

ಉಪದೇಶ ಮಾಡೂ ಮಂದಿ ನಾ ಅಲ್ಲ, ಆದರೂ ಹೇಳತೀನಿ, ಬೇಕಾದ್ರ ಬಿಡು. ಒಂದು ದಿನಕ್ಕ ಮೂರು ಮೂರು ಚಿತ್ರ ನೋಡಬ್ಯಾಡ. ನಾಕು ಆಟ ಓಡಿಸಿದ ದಿನ ನನಗ ಊಟದ ರುಚಿನೂ ತಿಳೀತಿರಲಿಲ್ಲ. ಬರಿಯೂ ಮುಂಚೆ, ತಗದಾವ ಪರಿಚಯದಾವ ಇದ್ರ, ಅವನಿಗೊಂದು ಫೋನ್ ಮಾಡಿ ಬಾಯಿಲೆ ಹೇಳು. ಎಕರೆ ಉಳದಿರಬಹುದು.

ಹೋದ ತಿಂಗಳ ನಮ್ಮೂರು ಮುಳಗಿದ್ದರ ಮ್ಯಾಲ ಯಾರೋ ಮಾಡಿದ ಚಿತ್ರ ನೋಡಿದೆ. ಡ್ರೋನ್ ಬಿಟ್ಟು ಹಿನ್ನೀರು ತೋರಿಸ್ಯಾರ, ಸಂಜಿ ಕೆಂಪು, ಕೊಕ್ಕರಿ, ಕೊಳಲು. ಮುಳಗಿದ ಊರು ಇಷ್ಟ ಚೆಂದ ಇದ್ರ ಇನ್ನೆರಡು ಮುಳಗಲಿ ಅನ್ನಸಬೇಕು ನೋಡಾವರಿಗೆ. ಆಲಮಟ್ಟಿ ನೀರು 519.60 ಮೀಟರಿಗೆ ನಿಂತಾಗ ನಮ್ಮ ಕಿಲ್ಲಾ ಓಣಿ ಎಲ್ಲಿರತೈತಿ, ಕೃಷ್ಣಾ ನೀರಿನ ಜಗಳದ ಎರಡನೇ ನ್ಯಾಯಮಂಡಳಿ ಒಪ್ಪಿದ 524.256ಕ್ಕ ಏರಿಸಿದ್ರ ಇನ್ನ ಯಾರು ಏಳಬೇಕು, ಒಂದಕ್ಷರ ಇಲ್ಲ. ಹೋಳಿಗೆ ಬಂಡಿ ಮ್ಯಾಲ ಬಣ್ಣದ ಬ್ಯಾರಲ್ ಏರಿಸಿಕೊಂಡು ಓಣಿ ಓಣಿ ಎರಚಾಡಿದ ಊರು ಅನ್ನೂದೂ ಇಲ್ಲ. ನಿನ್ನಂಗ ನಾನೂ ಗ್ವಾಡಿ ಗಡಿಯಾರ ನೋಡಿದೆ.

ಆಮ್ಯಾಗ, ಯಾರೋ ಅಧಿಕಾರಿ ಮಾತಾಡತಿದ್ರ, ಹಿಂದ ಮಬ್ಬು ಮಬ್ಬು ಒಬ್ಬ ಮುದುಕಿ, ಕಟ್ಟಿಗಿ ಬಾಗಲ ಚೌಕಟ್ಟನ್ನ ಚಕ್ಕಡಿಗೆ ಏರಸಾಕ ಒದ್ದಾಡತಿದ್ದಳು. ಹಳೇ ತುಣುಕು ಇರಬೇಕು. ಮೂರು ಸೆಕೆಂಡು. ನಾವೂ ಬಿಡೂ ಮುಂದ ಚೌಕಟ್ಟು ಕಿತ್ತಕೊಂಡು ಬಂದಿದ್ವಿ, ನೀ ಆಡೂ ಮುಂದ ಹಣಿ ಬಡಿಸಿಕೊಂಡ ಚೌಕಟ್ಟು ಅದ. ಎಪ್ಪತ್ತೇಳನೇ ವಯಸ್ಸಿನ್ಯಾಗ, ಮೊಮ್ಮಗನ ಮುಂದ, ತಡಕೊಳ್ಳಾಕ ಆಗದಂಗ ಅತ್ತೆ. ಚಿತ್ರ ತಗದಾವಗ ಆ ಮುದುಕಿ ಅಲ್ಲಿದ್ದಳು ಅನ್ನೂದೂ ಗೊತ್ತಿರಲಿಕ್ಕಿಲ್ಲ. ಮೂಲಿ ನೋಡೂ ಚಟ ನನಗ, ಅದಕ್ಕ ಕಂಡಳೇನೋ.

ಇದನ್ನ ನಿನಗ ಧೈರ್ಯ ಹೇಳಾಕ ಬರೀಲಿಲ್ಲ. ಆಗಿದ್ದು ಆಗಿದ್ದಂಗ ಬರದೆ. ನಿನಗ ಹಿಂಗ ಆಗತೈತಿ ಅಂತ ಬರಕೊಡಾಕ ನನಗ ಬರೂದಿಲ್ಲ.

ಬ್ಯಾಸಗಿಗೆ ಬಾ. ಮುಧೋಳ ಕಡೆ ಎಲ್ಲಿಯರೆ ಕೃಷ್ಣ ಪಾರಿಜಾತ ಬಯಲಾಟ ಇದ್ರ ಕರಕೊಂಡು ಹೋಗತೀನಿ, ರಾತ್ರಿಯೆಲ್ಲಾ ಕುಂತು ನೋಡೂಣು. ಅದರ ಮ್ಯಾಲಿನ ಸಾಕ್ಷ್ಯಚಿತ್ರ ಒಂದು ನೋಡಿದ್ದೆ. ಸತ್ಯಭಾಮಿ ಬಾಯಿ ತೆಗದು ಹಾಡ ಎತ್ತಿಕೊಂಡ್ರ, ಅದರ ಮ್ಯಾಲ ಒಬ್ಬಾವ ಆ ಆಟ ಕಟ್ಟಿದ ಕುಲಗೋಡ ತಮ್ಮಣ್ಣನ ಬಗ್ಗೆ ಮಾಹಿತಿ ಹೇಳಾಕ ಶುರು ಮಾಡಿದ. ಮಾಹಿತಿ ಖರೇನ ಇತ್ತು. ಹಾಡ ಹೋತು.

ಒಂದು ಕೇಳೂದು ಉಳೀತು. ಗಡಿಯಾರ ನೋಡಿದೆ ಅಂದೀಯಲ್ಲ, ಆ ಹೊತ್ತಿಗೆ ಪರದಿ ಮ್ಯಾಲ ಏನ ನಡದಿತ್ತು? ಎಲ್ಲಾರೂ ಯಾವದಕ್ಕ ಅಳತಿದ್ರು ಅಂತ ನೀ ಬರದ ಇಲ್ಲ. ಗಂಟಿ ಎಷ್ಟ ಆಗಿತ್ತು ಅನ್ನೂದನ್ನೂ ಬರಿ.

ನಿನ್ನ ಸಣ್ಣಜ್ಜ