ಮಗಳಿಗೊಂದು ಪತ್ರ: ಅಂಚೆಯವರು ಕಟ್ಟಿಕೊಟ್ಟ ದಾರಿ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಗೆಳತಿಯರೆಲ್ಲ ಕಾರು ಮಾಡಿಕೊಂಡು ಅಟ್ಲಾಂಟಾದಿಂದ ಮೆಂಫಿಸ್‌ಗೆ ಹೊರಟಿದ್ದೀರಿ. ರೂಮು ಎಲ್ಲಿ ಅಂತ ಕೇಳಿದ್ದಕ್ಕೆ "ದಾರೀಲಿ ಎಲ್ಲಾದ್ರೂ ಸಿಗುತ್ತೆ ಬಿಡಪ್ಪ" ಅಂದೆ. ಎಂಬತ್ತು ವರ್ಷದ ಹಿಂದೆ ಅಮೆರಿಕದ ಆ ದಕ್ಷಿಣ ಸೀಮೆಯಲ್ಲಿ ಕಪ್ಪು ಜನ ಹಾಗೆ ಹೇಳಿ ಹೊರಡುವಂತಿರಲಿಲ್ಲ. ಬಿಳಿಯರ ಹೋಟೆಲಿನವರು ರೂಮು ಕೊಡುತ್ತಿರಲಿಲ್ಲ. ಪೆಟ್ರೋಲಿಗೆ ದುಡ್ಡು ತೆತ್ತರೂ ಎಷ್ಟೋ ಬಂಕುಗಳಲ್ಲಿ ಶೌಚಾಲಯದ ಬಾಗಿಲು ತೆಗೆಯುತ್ತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಕಪ್ಪು ಜನ ಕಾಣಿಸಲೇಬಾರದು ಎನ್ನುವ ಊರುಗಳು ದೇಶದ ಉದ್ದಗಲಕ್ಕೂ ಇದ್ದವು. ಹಾಗಾಗಿ ಬುತ್ತಿ, ನೀರು, ಪೆಟ್ರೋಲ್ ಕ್ಯಾನು, ಮಕ್ಕಳ ಉಚ್ಚೆಗೆ ಒಂದು ತಗಡಿನ ಡಬ್ಬ, ಎಲ್ಲ ಜೊತೆಗೇ ಒಯ್ಯುತ್ತಿದ್ದರು. ಒಳ್ಳೆ ಕಾರಿದ್ದ ಕೆಲವರು ಡ್ರೈವರ್ ಟೋಪಿಯೊಂದನ್ನೂ ಇಟ್ಟುಕೊಳ್ಳುತ್ತಿದ್ದರು, ಪೊಲೀಸರು ತಡೆದರೆ ಕಾರು ಧಣಿಯದು ಅನ್ನುವುದಕ್ಕೆ. ಸ್ವಂತ ದುಡಿಮೆಯ ಕಾರಿನಲ್ಲಿ, ಹೆಂಡತಿ ಮಕ್ಕಳ ಎದುರೇ ಆಳಾಗಬೇಕು! ನೆನೆದರೆ ಹೊಟ್ಟೆ ಉರಿಯುತ್ತದೆ.

ಇವರಿಗಾಗಿ ವಿಳಾಸ ಕಲೆಹಾಕಿದವರೂ ನನ್ನ ಹಾಗೆ ಕಾಗದ ಹಂಚುತ್ತಿದ್ದವರು. ನ್ಯೂಯಾರ್ಕಿನ ಹಾರ್ಲೆಮ್‌ನ ವಿಕ್ಟರ್ ಹ್ಯೂಗೊ ಗ್ರೀನ್. 1936ರಲ್ಲಿ ಅವರು ಹೊರತಂದ 'ಗ್ರೀನ್ ಬುಕ್' ಮೊದಲು ನ್ಯೂಯಾರ್ಕ್ ಸುತ್ತಮುತ್ತಲಿಗಷ್ಟೇ ಇತ್ತು, ಬೇಗನೇ ದೇಶವನ್ನೆಲ್ಲ ಹಬ್ಬಿತು. ಯಾವ ಊರಿನ ಯಾವ ಬೀದಿಯಲ್ಲಿ ಊಟ, ವಸತಿ, ಕ್ಷೌರದಂಗಡಿ, ಗ್ಯಾರೇಜು ಅಂತ ಅದರಲ್ಲಿ ನೋಡಿಕೊಳ್ಳಬಹುದಿತ್ತು. ವಿಳಾಸ ಕಳಿಸಿದವರಲ್ಲಿ ಬೇರೆ ಊರಿನ ಪೋಸ್ಟ್‌ಮ್ಯಾನ್‌ಗಳೂ ಇದ್ದರು. ಯಾವ ಮನೆಯವರು ಹೊತ್ತಲ್ಲದ ಹೊತ್ತಲ್ಲೂ ಒಳಗೆ ಕರೆಯುತ್ತಾರೆ ಅಂತ ಬೀಟ್ ಸುತ್ತುವವನಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ? ಹೋಟೆಲಿಲ್ಲದ ಕಡೆ 'ಟೂರಿಸ್ಟ್ ಹೋಮ್' ಎಂದು ಪಟ್ಟಿಯಾದವು ಸಾಮಾನ್ಯರ ಮನೆಗಳೇ. ಬಹಳಷ್ಟು ಕಡೆ ಮನೆಯೊಡತಿಯ ಹೆಸರೇ ವಿಳಾಸ. ಗುರುತು ಪರಿಚಯವಿಲ್ಲದವರಿಗೆ ಹಾಸಿಗೆ ಹಾಸಿಕೊಟ್ಟ ಆ ತಾಯಂದಿರ ಮೇಲೆ ನನಗೆ ಗೌರವ ಹೆಚ್ಚು.

ಈ ಪುಸ್ತಕವೇ ಬೇಡವಾಗುವ ದಿನ ಬರುತ್ತದೆ ಎಂದು ಗ್ರೀನ್ ಪುಸ್ತಕದಲ್ಲೇ ಅಚ್ಚು ಹಾಕಿಸಿದ್ದರು. ಹೋಟೆಲುಗಳಲ್ಲಿ ಭೇದ ಮಾಡಕೂಡದೆಂಬ ಕಾಯ್ದೆ ಬಂದದ್ದು 1964ರಲ್ಲಿ. ಅವರು 1960ರಲ್ಲೇ ತೀರಿಕೊಂಡಿದ್ದರು.

ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಸ್ವಾತಂತ್ರ್ಯ ಹೋರಾಟಗಾರ್ತಿ ಕಮಲಾದೇವಿ ಚಟ್ಟೋಪಾಧ್ಯಾಯರೂ ಅಲ್ಲಿ ಈ ಬಣ್ಣಭೇದದ ಬಿಸಿ ಕಂಡವರು. 1941ರಲ್ಲಿ ಲೂಸಿಯಾನಾದ ರೈಲಿನಲ್ಲಿ ಬಿಳಿಯರ ಬೋಗಿಯಿಂದ ಏಳಿ ಎಂದ ಕಂಡಕ್ಟರ್, ಆಮೇಲೆ ಯಾವ ದೇಶದವರು ಅಂತ ಕೇಳಿದ. ಭಾರತ ಅಂದಿದ್ದರೆ ಬಿಡುತ್ತಿದ್ದನೋ ಏನೋ. ಅದು ಯಾವುದಾದರೇನು, ನಾನೂ ಬಿಳಿಯಳಲ್ಲ, ಏಳುವುದಿಲ್ಲ ಅಂದುಬಿಟ್ಟರು. ಕೂತಲ್ಲೇ ಕೂತರು.

ಮೆಂಫಿಸ್‌ನಲ್ಲಿ ಲೊರೇನ್ ಮೋಟೆಲ್ ನೋಡದೆ ಬರಬೇಡ. ಗ್ರೀನ್ ಬುಕ್‌ನಲ್ಲಿ ಅದರ ಹೆಸರೂ ಇತ್ತು. ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್‌ಗೆ 1968ರಲ್ಲಿ ಗುಂಡು ಬಿದ್ದದ್ದು ಅಲ್ಲೇ, ಈಗ ಮ್ಯೂಸಿಯಂ ಆಗಿದೆ. ಅದನ್ನು ನಡೆಸುತ್ತಿದ್ದ ವಾಲ್ಟರ್ ಮತ್ತು ಲೋರೀ ಬೇಲಿ ದಂಪತಿಯ ವಿಚಾರವನ್ನೂ ಅಲ್ಲಿ ಕೇಳಿ ತಿಳಿದುಕೊಂಡು ನನಗೆ ಬರೆ. ವಾಟ್ಸ್ಯಾಪ್‌ನಲ್ಲಿ ಬೇಡ, ಕಾಗದದಲ್ಲಿ.

ಇಂತಿ,
ನಿನ್ನ ಅಪ್ಪ