ಮೂರು ವಾರ ಬಿಟ್ಟ ಮಾತ್ರೆ

ಪುಟ್ಟಿ,

"ಆಪರೇಷನ್ ಆಯ್ತು, ರೇಡಿಯೇಷನ್ ಆಯ್ತು, ಇನ್ನೂ ಐದು ವರ್ಷ ಮಾತ್ರೆ ಯಾಕಮ್ಮಾ?" ಅಂತ ಅವತ್ತು ಫೋನಿನಲ್ಲಿ ಕೇಳಿದೆ. ನಾನು ಮಾತು ತೇಲಿಸಿಬಿಟ್ಟೆ. ಯಾಕೆ ಗೊತ್ತಾ? ಆಗ ನಾನೇ ಮೂರು ವಾರದಿಂದ ಸ್ತನ ಕ್ಯಾನ್ಸರಿಗೆ ಕೊಟ್ಟ ಆ ಟ್ಯಾಮಾಕ್ಸಿಫೆನ್ ಮಾತ್ರೆ ನುಂಗಿರಲಿಲ್ಲ.

ಬೈಯಬೇಡ, ಮತ್ತೆ ಶುರು ಮಾಡಿದ್ದೇನೆ.

ಆ ಮಾತ್ರೆಯಿಂದ ಬರುವ ಸೆಕೆ ತಡೆಯಲು ಆಗಲಿಲ್ಲ ಕಣೇ. ಎದೆಯಿಂದ ಎದ್ದು ಕಿವಿಯವರೆಗೂ ಬೆಂಕಿ ಹತ್ತಿದ ಹಾಗೆ. ನಡುರಾತ್ರಿ ನೈಟಿ ಒದ್ದೆ. ಪಕ್ಕದಲ್ಲಿ ನಿಮ್ಮಪ್ಪ ಕಂಬಳಿ ಹೊದ್ದು ಮಲಗಿದ್ದರೆ ನಾನು ಫ್ಯಾನ್ ಕೆಳಗೆ ಕೂತಿರುತ್ತಿದ್ದೆ. ಕೊನೆಗೆ ಡಾಕ್ಟರ ಹತ್ತಿರ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಸೆಕೆಗೂ ಔಷಧಿ ಇದೆಯಂತೆ. ಆದರೆ ಕೇಳದೆ ಏನೂ ನುಂಗಬಾರದು. ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್‌ನಂಥ ಕೆಲವು ಮಾತ್ರೆಗಳು ಟ್ಯಾಮಾಕ್ಸಿಫೆನ್‌ನ ಕೆಲಸವನ್ನೇ ಕೆಡಿಸುತ್ತವೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ನನ್ನ ಗಡ್ಡೆಯ ಕಣಗಳು ಬೆಳೆಯುತ್ತಿದ್ದದ್ದು ಈಸ್ಟ್ರೋಜನ್ ಹಾರ್ಮೋನಿನಿಂದ. ಅದು ಬಂದು ಕೂರಲು ಕಣದೊಳಗೆ ಒಂದು ಜಾಗ ಇರುತ್ತದೆ. ಬಸ್ಸಿನಲ್ಲಿ ಕರ್ಚೀಫ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ ಈ ಮಾತ್ರೆ ಮೊದಲೇ ಹೋಗಿ ಆ ಜಾಗ ಹಿಡಿದುಬಿಡುತ್ತದೆ. ಎಲ್ಲೋ ಒಂದೆರಡು ಕಣ ಉಳಿದಿದ್ದರೂ ಉಪವಾಸ. ಅದಕ್ಕೇ 5 ವರ್ಷ, ಕೆಲವರಿಗೆ 10. ಎಲ್ಲ ಸ್ತನ ಕ್ಯಾನ್ಸರಿಗೂ ಇದು ನಾಟುವುದಿಲ್ಲ. ಹಾರ್ಮೋನಿಗೆ ಸ್ಪಂದಿಸುವ ಗಡ್ಡೆಗೆ ಮಾತ್ರ. ಮುಟ್ಟು ನಿಂತವರಿಗೆ ಹೆಚ್ಚಾಗಿ ಈಸ್ಟ್ರೋಜನ್ ತಯಾರಾಗುವುದನ್ನೇ ತಡೆಯುವ ಲೆಟ್ರೊಜೋಲ್‌ನಂಥ ಬೇರೆ ಮಾತ್ರೆ ಕೊಡುತ್ತಾರೆ. ಅದರಲ್ಲಿ ಕೀಲುನೋವು, ಮೂಳೆ ಸವೆತದ ಕಾಟ.

ಮಜಾ ಅಂದರೆ, ಟ್ಯಾಮಾಕ್ಸಿಫೆನ್ ಮಾಡಿದ್ದು 1960ರ ದಶಕದಲ್ಲಿ, ಗರ್ಭ ನಿಲ್ಲದಿರಲಿ ಅಂತ. ಆ ಕೆಲಸಕ್ಕೆ ಬರಲಿಲ್ಲ!

ಇನ್ನು, "ನಾನೂ ಈಗಲೇ ತಗೊಳ್ಳಲಾ?" ಅಂದೆಯಲ್ಲ. ಸ್ತನ ಕ್ಯಾನ್ಸರ್ ಬರುವ ಅಪಾಯ ಜಾಸ್ತಿ ಇದ್ದ 13 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ಅಮೆರಿಕ, ಕೆನಡಾಗಳಲ್ಲಿ ಪ್ರಯೋಗ ನಡೆದಿತ್ತು. 1998ರಲ್ಲಿ ಫಲಿತಾಂಶ ಬಂತು. ಮಾತ್ರೆ ತೆಗೆದುಕೊಂಡವರಲ್ಲಿ ಆ ಕ್ಯಾನ್ಸರ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಆದರೆ ರಕ್ತ ಹೆಪ್ಪುಗಟ್ಟುವುದು, ಗರ್ಭಕೋಶದ ಕ್ಯಾನ್ಸರ್, ಇವು ಅಪರೂಪವಾದರೂ ಸುಳ್ಳಲ್ಲ. ಬಸಿರಿನಲ್ಲಂತೂ ತೆಗೆದುಕೊಳ್ಳುವಂತಿಲ್ಲ. ನಿನಗಿನ್ನೂ 24. ಅಮ್ಮನಿಗೆ ಬಂತು ಅನ್ನುವುದೊಂದೇ ಕಾರಣ ಸಾಲದು. ನನ್ನನ್ನು ನೋಡಿ ಹೆದರಿ ನುಂಗುವುದು ನನಗಂತೂ ಇಷ್ಟವಿಲ್ಲ.

ಮುಂದಿನ ತಿಂಗಳ ತಪಾಸಣೆಗೆ ನೀನೂ ಬಾ. ನೀನೇ ಡಾಕ್ಟರನ್ನು ಕೇಳು.

ಒಂಬತ್ತಕ್ಕೆ ಇಟ್ಟ ಅಲಾರಂ ಬಡಿದುಕೊಳ್ಳುತ್ತಿದೆ. ಮಾತ್ರೆ ನುಂಗಬೇಕು.

ಅಮ್ಮ