ಮಣಿಪುರಿ ಕುದುರೆಗೆ ಮೊದಲು ಹುಲ್ಲುಗಾವಲು ಬೇಕು

ಮಾನ್ಯ ಸಂಪಾದಕರೇ,

ಆಧುನಿಕ ಪೋಲೊ ಆಟವನ್ನು ಜಗತ್ತಿಗೆ ಕೊಟ್ಟ ಮಣಿಪುರಿ ಕುದುರೆ ಅಳಿವಿನಂಚಿಗೆ ಬಂದಿದೆ. 2003ರ ಜಾನುವಾರು ಗಣತಿಯಲ್ಲಿ 1,898 ಇದ್ದ ಸಂಖ್ಯೆ 2019ಕ್ಕೆ 1,089ಕ್ಕೆ ಇಳಿಯಿತು. ಇವು ಮೇಯುತ್ತಿದ್ದ, ಇಂಫಾಲದ ಲಾಂಫೆಲ್‌ಪಾಟ್‌ನಂಥ ಜೌಗುಭೂಮಿಯ ಬಹಳಷ್ಟು ಭಾಗ ಕಟ್ಟಡಗಳ ಪಾಲಾಗಿದೆ. ಇಂಫಾಲದ ಬೀದಿಯಲ್ಲಿ ಕಸ ಮೇಯುವ ಕುದುರೆ ಪ್ಲಾಸ್ಟಿಕ್ ನುಂಗುತ್ತದೆ. ಕುದುರೆಗೆ ವಾಂತಿ ಮಾಡಲು ಬಾರದು. ಕರುಳು ಕಟ್ಟಿಕೊಂಡು ನರಳಿ ಸಾಯುವುದುಂಟು. ಹಾಗಾಗಿ ಮೇವಿನ ಜಾಗ ಮೊದಲು, ಉಳಿದದ್ದೆಲ್ಲ ಆಮೇಲೆ.

ಪ್ರವಾಸಿಗರ ಸವಾರಿಯಿಂದ ಸಾಕುವವರಿಗೆ ನಾಲ್ಕು ಕಾಸು ಸಿಗಲಿ, ಖಂಡಿತ. ಆದರೆ ಇದು ಸುಮಾರು ನಾಲ್ಕು ಅಡಿ ಎತ್ತರದ ಪುಟ್ಟ ತಳಿ. ಸವಾರ, ಜೀನು ಎರಡೂ ಸೇರಿ ಕುದುರೆಯ ತೂಕದ ಶೇ 20 ಮೀರಬಾರದು: 250 ಕೆ.ಜಿ. ಕುದುರೆಗೆ 50 ಕೆ.ಜಿ. ಅಂದರೆ ಮಕ್ಕಳು ಮತ್ತು ಹಗುರ ಮೈಯವರು ಮಾತ್ರ. ದೊಡ್ಡ ತಳಿಯ ಜೀನು ಬಿಗಿದರೆ ಹೆಗಲ ಮೂಳೆಗೆ ಉಜ್ಜಿ ಹುಣ್ಣಾಗುತ್ತದೆ. ಜೀನು ಬಿಚ್ಚಿದಾಗ ಬೆವರಿದ ಬೆನ್ನಿನ ನಡುವೆ ಅಂಗೈಯಗಲ ಒಣಗಿದ ಮಚ್ಚೆ ಕಂಡರೆ ಅಲ್ಲಿ ಒತ್ತಡ ಬೀಳುತ್ತಿರಬಹುದು ಎಂದು ತಿಳಿಯಬೇಕು.

ಶಾಲಾ ಮಕ್ಕಳಿಗೆ ತಂಡಕ್ಕೆ ಏಳು ಮಂದಿಯ ಸಗೋಲ್ ಕಾಂಗ್ಜೈ (ಮಣಿಪುರದ ಸಾಂಪ್ರದಾಯಿಕ ಪೋಲೊ) ತೋರಿಸಿದರೆ ಸಾಲದು. ಗೊರಸು ಎತ್ತಿ ಕೆಸರು ಕೆರೆಯುವುದನ್ನೂ ಕಲಿಸಲಿ.